ಸುಷಿರವಾದ್ಯಮೇಳವೂ ಓಲಗವೂ

ವಾದ್ಯಗಳು ತತ, ಅವನದ್ಧ, ಘನ, ಸುಷಿರಗಳೆಂದು ನಾಲ್ಕು ತೆರನೆಂಬುದು ಭರತನ ನಾಟ್ಯಶಾಸ್ತ್ರದಿಂದ ಮೊದಲ್ಗೊಂಡು ಶಾಸ್ತ್ರಕಾರರೆಲ್ಲರಿಗೂ ಸಮ್ಮತವಾದ ವಿಭಾಗವಾಗಿದೆ. ಆದರೆ ಕನ್ನಡನಾಡಿನ ಸಂಗೀತದ ಇತಿಹಾಸವನ್ನು ಬರೆದವರು ಗಾಯಕರನ್ನೂ ವೈಣಿಕರನ್ನೂ ವಾಗ್ಗೇಯಕಾರರನ್ನೂ ವಿಸ್ತಾರವಾಗಿ ಕೊಂಡಾಡಿ, ಉಸಿರಿನಿಂದ ನುಡಿಸುವವರನ್ನು ನಾಲ್ಕು ಪಂಕ್ತಿಗಳಲ್ಲಿ ಮುಗಿಸುವುದು ರೂಢಿಯಾಗಿದೆ. ಅದರಲ್ಲಿಯೂ ಹತ್ತಾರು ಮಂದಿ ಕೂಡಿ ಊದುವ ಮೇಳವು, ಎಂದರೆ ಜನರು ಬ್ಯಾಂಡೆಂದು ಕರೆಯುವ ವಾದ್ಯವೃಂದವು, ಪರದೇಶದ ಸದ್ದೆಂದೂ ದಂಡಿನವರ ಆಡಂಬರವೆಂದೂ ವಿದ್ವಾಂಸರ ಅನಾದರಕ್ಕೆ ಪಾತ್ರವಾಗಿದೆ. ಈ ಅನಾದರವು ಯುಕ್ತವೇ? ಬ್ಯಾಂಡು ನಮ್ಮಲ್ಲಿ ಬೇರಿಲ್ಲದ ಗಿಡವೇ, ಅಥವಾ ಹಳೆಯ ಮರಕ್ಕೆ ಕಟ್ಟಿದ ಕಸಿಯೇ? ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿರುವುದು ಇಷ್ಟೆ.

ಈ ವಿಚಾರವು ಲೇಖಕನಿಗೆ ಹುಟ್ಟಿದ್ದು ಪುಸ್ತಕದಿಂದಲ್ಲ, ದಾರಿಯಲ್ಲಿ. ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ದಾರಿಯಲ್ಲಿ ಸಂಸೆಯೆಂಬ ಊರಿದೆ. ಪೂರ್ವಕ್ಕೆ ಹೋದರೆ ಕಾಫಿಯ ತೋಟಗಳ ನಡುವೆ ಮೂಡಿಗೆರೆ, ಚಿಕ್ಕಮಗಳೂರುಗಳ ಮೇಲೆ ಮೈಸೂರಿನ ಸೀಮೆ. ಪಶ್ಚಿಮಕ್ಕೆ ಘಟ್ಟವಿಳಿದರೆ ಕಾರ್ಕಳ, ತುಳುನಾಡು. ಇಲ್ಲಿಯ ಉತ್ಸವವೊಂದರಲ್ಲಿ ದೇವರ ಮುಂದೆ ಗಂಭೀರನಾಟ ರಾಗವು ಕೇಳಿಬಂದಿತು. ನಾಗಸ್ವರದವರು ಬಂದಿದ್ದಾರೆಂದು ಭಾವಿಸಿ ಹತ್ತಿರ ಹೋಗಿ ನೋಡಿದರೆ, ನುಡಿಸುತ್ತಿದ್ದುದು ಹಿತ್ತಾಳೆಯ ಸ್ಯಾಕ್ಸಫೋನು. ಘಟ್ಟದ ಕೆಳಗಿನಿಂದ ಬಂದಿದ್ದ ಆ ವಾದಕರನ್ನು ವಿಚಾರಿಸಲಾಗಿ, “ಅಜ್ಜ ನಾಗಸ್ವರ ಊದುತ್ತಿದ್ದರು ಭಟ್ರೇ, ಅಪ್ಪ ಕ್ಲಾರಿನೆಟ್ಟು, ನನ್ನ ಕೈಗೆ ಇದು ಬಂತು, ಊದುವ ಪಾಠ ಮಾತ್ರ ಒಂದೇ” ಎಂದರು. ಮೂರು ತಲೆಗಳ ಈ ವೃತ್ತಾಂತದಲ್ಲಿ ಇತಿಹಾಸವೊಂದು ಅಡಗಿದೆಯೆಂದು ಅಂದು ತೋರಿತು.

ಮೊದಲು ಪ್ರಾಚೀನಸ್ಥಿತಿಯನ್ನು ನೋಡೋಣ. ವಾದಕರ ಸಮೂಹಕ್ಕೆ ಭರತನು ‘ಕುತಪ’ವೆಂಬ ಸಂಜ್ಞೆಯನ್ನು ಕೊಟ್ಟಿದ್ದಾನೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಉತ್ತಮವಾದ ಗಾಯನವೃಂದದ ಲೆಕ್ಕವನ್ನೇ ಹೇಳಿದ್ದಾನೆ: ಮುಖ್ಯಗಾಯಕರು ೪, ಸಮಗಾಯಕರು ೮, ಗಾಯಿಕೆಯರು ೧೨, ಕೊಳಲಿನವರು ೪, ಮೃದಂಗದವರು ೪, ಒಟ್ಟು ೩೨ ಮಂದಿ. ಇದಕ್ಕಿಂತ ಹೆಚ್ಚಾದ ವೃಂದಕ್ಕೆ ಆತನು ‘ಕೋಲಾಹಲ’ವೆಂದು ಹೆಸರಿಟ್ಟಿರುವುದು ಸ್ವಾರಸ್ಯವಾಗಿದೆ. ವಾದ್ಯಾಧ್ಯಾಯದಲ್ಲಿ ಅವನು ಎಣಿಸಿರುವ ಸುಷಿರವಾದ್ಯಗಳು ವಂಶ, ಪಾವ, ಪಾವಿಕಾ, ಮುರಲೀ, ಮಧುಕರೀ, ಕಾಹಲಾ, ತುಂಡಕಿನೀ, ಚುಕ್ಕಾ, ಶೃಂಗ, ಶಂಖ ಎಂಬ ಹತ್ತು. ಇವುಗಳಲ್ಲಿ ಕಾಹಲೆಯು ನಮ್ಮ ಕಹಳೆ, ಶೃಂಗವು ನಮ್ಮ ಕೊಂಬು.

ಶಾಸನಗಳ ಸಾಕ್ಷ್ಯವು ಇನ್ನೂ ಬಲವಾದುದು. ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಕನ್ನಡನಾಡಿನ ಸಾಮಂತರ ಶಾಸನಗಳಲ್ಲಿ ಪದೇ ಪದೇ ಬರುವುದು ವಿದಿತವೇ ಆಗಿದೆ. ಐದು ಮಹಾಶಬ್ದಗಳೆಂದರೆ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆಗಳೆಂದು ನಿಜಗುಣಶಿವಯೋಗಿಗಳ ವಿವೇಕಚಿಂತಾಮಣಿಯಿಂದ ತಿಳಿಯುತ್ತದೆ. ಐದರಲ್ಲಿ ಎರಡು ಊದುವವು, ಮೂರು ಹೊಡೆಯುವವು. ಕದಂಬರ ಮುಂದೆ ಪೆರ್ಮಟ್ಟಿಯೆಂಬ ವಾದ್ಯವೂ ಸವದತ್ತಿಯ ರಟ್ಟರ ಮುಂದೆ ತ್ರಿವಳಿಯೆಂಬುದೂ ಮೊಳಗುತ್ತಿದ್ದುವೆಂದು ಅವರವರ ಪ್ರಶಸ್ತಿಗಳೇ ಸಾರುತ್ತವೆ. ಧ್ವಜ, ಲಾಂಛನಗಳಂತೆ ವಾದ್ಯವೂ ಒಂದು ವಂಶದ ಗುರುತಾಗಿದ್ದಿತು. ಅಧಿರಾಜನು ಅನುಗ್ರಹಿಸಿದಲ್ಲದೆ ಸಾಮಂತನು ಅದನ್ನು ಮೊಳಗಿಸುವಂತಿರಲಿಲ್ಲ. ವಿಜಯನಗರದ ಹಜಾರರಾಮದೇವಾಲಯದ ಹೊರಗೋಡೆಯ ಮೇಲೆ ಆನೆ, ಕುದುರೆ, ಕಾಲಾಳುಗಳ ಸಾಲುಗಳೊಡನೆ ವಾದ್ಯಗಾರರ ಸಾಲನ್ನೂ ಕಡೆದಿರುವುದನ್ನು ಇಂದಿಗೂ ಕಾಣಬಹುದು. ಆದುದರಿಂದ ಮೆರವಣಿಗೆಯ ಮುಂದೆ ಊದುವವರ ಮೇಳವು ನಡೆಯುವುದು ಇಲ್ಲಿ ಹೊಸದೇನಲ್ಲ.

‘ಓಲಗ’ವೆಂಬ ಪದವೂ ಇದಕ್ಕೆ ಸಾಕ್ಷಿಯಾಗಿದೆ. ಹಳಗನ್ನಡದಲ್ಲಿ ಓಲಗವೆಂದರೆ ರಾಜಸಭೆ, ಸೇವೆ. ಯಕ್ಷಗಾನದ ಒಡ್ಡೋಲಗದಲ್ಲಿ ಆ ಅರ್ಥವು ಇನ್ನೂ ಉಳಿದುಕೊಂಡಿದೆ. ಅದೇ ಪದವು ಕಾಲಕ್ರಮದಲ್ಲಿ ಮುಖವೀಣೆ, ನಾಗಸ್ವರ, ಡೋಲುಗಳ ಮಂಗಳವಾದ್ಯಕ್ಕೆ ಸಂದಿತು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ವಾಲಗವೆಂದಾಯಿತು. ಕುಳಿತ ಸಭೆಗೂ ನಡೆಯುವ ವಾದ್ಯಕ್ಕೂ ಒಂದೇ ಹೆಸರನ್ನಿಟ್ಟ ಭಾಷೆಯು, ಇವೆರಡರ ಸಂಬಂಧವನ್ನು ಶಾಸ್ತ್ರಕಾರರಿಗಿಂತ ಚೆನ್ನಾಗಿ ಅರಿತಿದ್ದಿತೆಂದು ಹೇಳಬಹುದು.

ಇನ್ನು ನಡೆಯ ಸಂಗೀತದ ಲಕ್ಷಣವನ್ನು ವಿಚಾರಿಸೋಣ. ದಕ್ಷಿಣದ ದೇವಾಲಯಗಳಲ್ಲಿ ಉತ್ಸವಮೂರ್ತಿಯು ಹೊರಡುವಾಗ ನಾಗಸ್ವರದಲ್ಲಿ ಮಲ್ಲಾರಿಯನ್ನು ನುಡಿಸುವುದು ಸಂಪ್ರದಾಯ. ಮಲ್ಲಾರಿಗೆ ಸಾಹಿತ್ಯವಿಲ್ಲ, ರಾಗವು ಗಂಭೀರನಾಟ, ತಾಳವು ಹಲವು ಬಗೆ, ಒಂದೇ ರಚನೆಯನ್ನು ವಿಳಂಬ, ಮಧ್ಯ, ದ್ರುತಗಳೆಂಬ ಮೂರು ಕಾಲಗಳಲ್ಲಿಯೂ ನುಡಿಸುವುದೇ ಇದರ ಬೆಡಗು. ತೇರಿಗೆ ಒಂದು ಮಲ್ಲಾರಿ, ತೀರ್ಥಕ್ಕೆ ಒಂದು, ನೈವೇದ್ಯಕ್ಕೆ ಒಂದು ಎಂದು ಭೇದಗಳುಂಟು. ಮಾತಿನ ಹಂಗಿಲ್ಲದ, ಕೇವಲ ವಾದ್ಯಕ್ಕಾಗಿಯೇ ಹುಟ್ಟಿದ ನಡೆಯ ಸಂಗೀತವು ನಮ್ಮಲ್ಲಿಯೂ ಇದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆದರೆ ಮಲ್ಲಾರಿಗೂ ಯೂರೋಪಿನ ಮಾರ್ಚಿಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಮಾರ್ಚಿನಲ್ಲಿ ತಾಳವೂ ಹೆಜ್ಜೆಯೂ ಒಂದೇ. ಎಡಗಾಲು ಒಂದು ಪೆಟ್ಟು, ಬಲಗಾಲು ಒಂದು ಪೆಟ್ಟು. ದಂಡಿನ ವೇಗದ ನಡೆಗೆ ನಿಮಿಷಕ್ಕೆ ಸುಮಾರು ೧೨೦ ಹೆಜ್ಜೆಗಳು. ನಮ್ಮ ಛಂದಸ್ಸಿನ ಪರಿಭಾಷೆಯಲ್ಲಿ ಹೇಳುವುದಾದರೆ, ಮಾರ್ಚುಗಳಲ್ಲಿ ಬಹುಭಾಗವು ಮಂದಾನಿಲರಗಳೆಯಂತೆ ನಾಲ್ಕು ಮಾತ್ರೆಗಳ ನಡೆಯವು; ಉಳಿದವು ಉತ್ಸಾಹರಗಳೆಯಂತೆ ಮೂರು ಮೂರು ಮಾತ್ರೆಗಳ ಗಣಗಳನ್ನು ಎರಡೆರಡಾಗಿ ಕೂಡಿಸಿದವು. ಲಲಿತರಗಳೆಯ ಐದು ಮಾತ್ರೆಯ ನಡೆಯು ಅಲ್ಲಿ ಸಲ್ಲದು. ಐದನ್ನು ಎರಡು ಕಾಲುಗಳಿಗೆ ಸಮವಾಗಿ ಹಂಚಲು ಬಾರದಷ್ಟೆ. ಮಲ್ಲಾರಿಯಲ್ಲಿಯಾದರೋ ಐದೂ ಸಲ್ಲುತ್ತದೆ, ಏಳೂ ಸಲ್ಲುತ್ತದೆ. ಏಕೆಂದರೆ ಅಡ್ಡಪಲ್ಲಕ್ಕಿಯನ್ನು ಹೊತ್ತವರು ವಾದ್ಯದ ತಾಳಕ್ಕೆ ಹೆಜ್ಜೆಯನ್ನಿಡುವುದಿಲ್ಲ. ತಮ್ಮ ಭಾರಕ್ಕೆ ತಕ್ಕಂತೆ ಇಡುತ್ತಾರೆ. ನಾಗಸ್ವರದವನು ಬೀದಿಯ ತಿರುವಿನಲ್ಲಿ ನಿಂತು ರಾಗವನ್ನು ಬೆಳೆಸಿದರೆ ದೇವರೂ ನಿಲ್ಲುತ್ತಾನೆ, ಜನರೂ ನಿಲ್ಲುತ್ತಾರೆ.

ಹೀಗೆ ಮಾರ್ಚು ಸಾವಿರ ಕಾಲುಗಳನ್ನು ಒಂದು ಕಾಲಾಗಿ ಮಾಡುವ ಸಂಗೀತ. ಮಲ್ಲಾರಿಯು ನಡೆಯುವವರನ್ನು ಕೇಳುಗರನ್ನಾಗಿ ಮಾಡುವ ಸಂಗೀತ. ಸಂಸೆಯಂಥ ಊರುಗಳಲ್ಲಿ ಈ ಭೇದವನ್ನು ಕಾಲಿನಿಂದಲೇ ತಿಳಿಯಬಹುದು. ಏರು, ಇಳಿಜಾರು, ಮಳೆಗಾಲದ ಜಾರುವ ಕಲ್ಲು, ಇಬ್ಬರು ಸರಿಯಾಗಿ ನಡೆಯಲಾಗದ ತೋಟದ ಕಾಲುದಾರಿ. ಇಲ್ಲಿ ಹೆಜ್ಜೆಗಳು ಎಂದಿಗೂ ಸಮವಾಗವು. ಮಾರ್ಚು ಬಯಲಿನ ಸಂಗೀತ, ಅಗಲವಾದ ರಾಜಬೀದಿಯ ಸಂಗೀತ. ಅದು ಮೈಸೂರಿನಲ್ಲಿ ಬೇರೂರಿ, ಮಲೆನಾಡಿನಲ್ಲಿ ರೂಪಾಂತರವನ್ನು ಹೊಂದಿದುದಕ್ಕೆ ಭೂಮಿಯ ಗುಣವೂ ಒಂದು ಕಾರಣವೆಂದು ಲೇಖಕನ ಮತ.

ಯೂರೋಪಿನ ಬ್ಯಾಂಡಿನ ಮೂಲವನ್ನು ಹುಡುಕಿದರೆ ಅಲ್ಲಿಯೂ ಪೂರ್ವದೇಶದ ಗುರುತು ಸಿಕ್ಕುತ್ತದೆ. ತುರುಕಿಯ ಸುಲ್ತಾನರ ಜಾನಿಸ್ಸರಿ ಸೈನ್ಯದೊಡನೆ ಜುರ್ನಾ, ಕಹಳೆ, ನಗಾರಿ, ದೊಡ್ಡ ಡೋಲು, ತಾಳಗಳ ‘ಮೆಹ್ತರ್’ ಮೇಳವು ನಡೆಯುತ್ತಿದ್ದಿತು. ಜುರ್ನಾ ಎಂಬುದು ನಮ್ಮ ಮುಖವೀಣೆ, ಸನಾದಿಗಳ ದಾಯಾದಿ. ಹದಿನೆಂಟನೆಯ ಶತಮಾನದಲ್ಲಿ ಯೂರೋಪಿನ ಅರಸರು ಈ ಮೇಳವನ್ನು ಮೆಚ್ಚಿ, ಅದರ ದೊಡ್ಡ ಡೋಲನ್ನೂ ತಾಳಗಳನ್ನೂ ತಮ್ಮ ದಂಡುಗಳ ವಾದ್ಯಗಳಲ್ಲಿ ಸೇರಿಸಿಕೊಂಡರು. ೧೮೨೬ರಲ್ಲಿ ಸುಲ್ತಾನನು ಜಾನಿಸ್ಸರಿ ಸೈನ್ಯವನ್ನು ವಿಸರ್ಜಿಸಿದಾಗ ಮೆಹ್ತರವೂ ಅಳಿಯಿತು. ಅದರ ಸ್ಥಾನದಲ್ಲಿ ಯೂರೋಪಿನ ರೀತಿಯ ಬ್ಯಾಂಡನ್ನು ಕಟ್ಟಲು ೧೮೨೮ರಲ್ಲಿ ಇಟಲಿಯಿಂದ ಜುಸೆಪ್ಪೆ ಡೋನಿಜೆಟ್ಟಿಯು ಬಂದನು. ಪೂರ್ವದಿಂದ ಹೋದ ವಸ್ತುವು ಬೇರೆ ವೇಷದಲ್ಲಿ ಪೂರ್ವಕ್ಕೆ ಹಿಂದಿರುಗಿತು. ನಮ್ಮಲ್ಲಿ ಆದುದೂ ಹೆಚ್ಚುಕಡಿಮೆ ಇದೇ.

ಕಹಳೆ, ಕೊಂಬುಗಳಲ್ಲಿ ಸಹಜವಾಗಿ ಹೊರಡುವ ಸ್ವರಗಳು ಕೆಲವೇ. ಅವುಗಳಿಂದ ಸಂಕೇತವನ್ನು ಕೊಡಬಹುದಲ್ಲದೆ ರಾಗವನ್ನು ನುಡಿಸಲಾಗದು. ೧೮೧೪ರ ಸುಮಾರಿಗೆ ಜರ್ಮನಿಯಲ್ಲಿ ಷ್ಟೋಲ್ಟ್ಸೆಲ್, ಬ್ಲ್ಯೂಮೆಲ್ ಎಂಬ ಇಬ್ಬರು ಕೊಳವೆಯ ಉದ್ದವನ್ನು ಬೆರಳಿನಿಂದ ಬದಲಿಸುವ ಕೀಲನ್ನು ರೂಪಿಸಿದ ಮೇಲೆ ಹಿತ್ತಾಳೆಯ ಕಹಳೆಗೆ ಎಲ್ಲ ಸ್ವರಗಳೂ ವಶವಾದುವು. ೧೮೪೬ರಲ್ಲಿ ಅಡಾಲ್ಫ್ ಸ್ಯಾಕ್ಸನು ತನ್ನ ಹೆಸರಿನ ವಾದ್ಯಕ್ಕೆ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರವನ್ನು ಪಡೆದನು. ಅದರ ಒಡಲು ಹಿತ್ತಾಳೆ, ನಾಲಗೆ ಬೆತ್ತದ ಸೀಳು. ಕಹಳೆಗೂ ಕ್ಲಾರಿನೆಟ್ಟಿಗೂ ನಡುವಣ ದನಿ. ಸಂಕೇತವನ್ನು ಮಾತ್ರ ಬಲ್ಲ ಮೇಳವು ಸಂಗೀತವನ್ನು ಬಲ್ಲ ಮೇಳವಾದುದು ಈ ಶಿಲ್ಪಿಗಳಿಂದ.

ಹಾಗಾದ ಮೇಲೆ ಬ್ಯಾಂಡಿಗೆ ಎರಡು ಬಗೆಯ ಕೃತಿಗಳು ಹುಟ್ಟಿದುವು. ನಡೆಗೆ ಮಾರ್ಚುಗಳು, ಕುಳಿತು ಕೇಳುವುದಕ್ಕೆ ಸಭಾಕೃತಿಗಳು. ಮಾರ್ಚಿನ ರಚನೆಯು ಸಾಮಾನ್ಯವಾಗಿ ಹೀಗಿರುತ್ತದೆ: ಒಂದು ಚಿಕ್ಕ ಪೀಠಿಕೆ, ಎರಡೆರಡು ಬಾರಿ ನುಡಿಸುವ ಎರಡು ಖಂಡಗಳು, ಆಮೇಲೆ ಟ್ರಿಯೋ ಎಂಬ ಸೌಮ್ಯವಾದ ಭಾಗ. ಟ್ರಿಯೋದಲ್ಲಿ ಮಧ್ಯಮವೇ ಷಡ್ಜವಾಗುತ್ತದೆ. ಸ್ವರಗಳನ್ನು ಬದಲಿಸದೆ ಬರಿಯ ಗ್ರಹಭೇದವನ್ನು ಮಾಡಿದ್ದರೆ ಶಂಕರಾಭರಣವು ಕಲ್ಯಾಣಿಯಾಗುತ್ತಿತ್ತು. ಅವರು ಮೂಲದ ಕಾಕಲಿನಿಷಾದವನ್ನು ಕೈಶಿಕಿಗೆ ಇಳಿಸಿ ಹೊಸ ಷಡ್ಜದ ಮೇಲೆಯೂ ಶಂಕರಾಭರಣವನ್ನೇ ನಿಲ್ಲಿಸುತ್ತಾರೆ. ನಮ್ಮವರು ಮಧ್ಯಮಶ್ರುತಿಯಲ್ಲಿ ಹಾಡುವಾಗ ಉಂಟಾಗುವ ವಿಶ್ರಾಂತಿಯು ಈ ಟ್ರಿಯೋದಲ್ಲಿಯೂ ಅನುಭವಕ್ಕೆ ಬರುತ್ತದೆ. ಅಮೆರಿಕದ ಸೂಸನು (೧೮೫೪–೧೯೩೨) ಇಂಥ ಮಾರ್ಚುಗಳ ರಚನೆಯಲ್ಲಿ ಅಗ್ರಗಣ್ಯನು.

ಸಭಾಕೃತಿಗೂ ನಡೆಗೂ ಸೇತುವೆಯಾದುದು ಬರ್ಲಿಯೋಸನ ಶೋಕವಿಜಯಸಿಂಫೊನಿ. ೧೮೩೦ರ ಕ್ರಾಂತಿಯಲ್ಲಿ ಮಡಿದವರ ಸ್ಮರಣೆಗಾಗಿ ೧೮೪೦ರ ಜುಲೈಯಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ಸುಮಾರು ೨೦೦ ಮಂದಿ ಇದನ್ನು ನುಡಿಸಿಕೊಂಡು ನಡೆದರು. ಕವಿಯು ಮುಂದೆ ಕತ್ತಿಯನ್ನು ಹಿಡಿದು ತಾಳಹಾಕುತ್ತ ನಡೆದನು. ಶಾರ್ಙ್ಗದೇವನ ಲೆಕ್ಕದಲ್ಲಿ ಇದು ಆರು ಪಟ್ಟು ಕೋಲಾಹಲ! ಆದರೆ ಅದೇ ಕೃತಿಯು ಬಳಿಕ ಸಭಾಮಂದಿರದಲ್ಲಿಯೂ ಮನ್ನಣೆಯನ್ನು ಪಡೆಯಿತು. ಇಂಗ್ಲೆಂಡಿನಲ್ಲಿ ಹೋಲ್ಸ್ಟ್ ಎಂಬಾತನು ೧೯೦೯ರಲ್ಲಿ ದಂಡಿನ ಬ್ಯಾಂಡಿಗಾಗಿ ಬರೆದ ಮೊದಲನೆಯ ಸ್ವೀಟು ಎಂಬ ಕೃತಿಯೂ, ವಾನ್ ವಿಲಿಯಮ್ಸ್ ೧೯೨೩ರಲ್ಲಿ ಹಳ್ಳಿಯ ಹಾಡುಗಳನ್ನು ಆಧರಿಸಿ ಬರೆದುದೂ ಈ ದಾರಿಯನ್ನು ಮುಂದುವರಿಸಿದುವು. ಹಳ್ಳಿಯ ಹಾಡು ಬ್ಯಾಂಡಿಗೆ ಬಂದುದು ಗಮನಾರ್ಹ.

ದಕ್ಷಿಣದೇಶದಲ್ಲಿ ಬ್ಯಾಂಡಿನ ಸಂಗೀತವನ್ನು ಮೊದಲು ಆದರಿಸಿದವರಲ್ಲಿ ಮುತ್ತುಸ್ವಾಮಿದೀಕ್ಷಿತರು (೧೭೭೫–೧೮೩೫) ಇದ್ದಾರೆಂಬುದನ್ನು ಬ್ಯಾಂಡನ್ನು ಹಳಿಯುವವರು ಮರೆತಿರುತ್ತಾರೆ. ಮದರಾಸಿನ ಸಮೀಪದ ಮಣಲಿಯಲ್ಲಿದ್ದಾಗ ಕುಂಪಣಿಯ ಬ್ಯಾಂಡು ನುಡಿಸುತ್ತಿದ್ದ ಮಟ್ಟುಗಳನ್ನು ಕೇಳಿ, ಅವುಗಳಿಗೆ ಸಂಸ್ಕೃತದಲ್ಲಿ ದೇವತಾಸ್ತುತಿಗಳನ್ನು ಅವರು ರಚಿಸಿದರು. ಸುಮಾರು ೪೦ರಷ್ಟಿರುವ ಈ ಶಂಕರಾಭರಣದ ರಚನೆಗಳಿಗೆ ನೊಟ್ಟುಸ್ವರಗಳೆಂದು ಹೆಸರು. ಆಂಗ್ಲರ ರಾಜಗೀತೆಯ ಮಟ್ಟೇ ಅವುಗಳಲ್ಲೊಂದರಲ್ಲಿ ಶ್ಯಾಮಲಾದೇವಿಯ ಸ್ತುತಿಯಾಗಿದೆ. ಶ್ರೀವಿದ್ಯೋಪಾಸಕರಾದ ದೀಕ್ಷಿತರಿಗೆ ಇಲ್ಲದ ಮೈಲಿಗೆಯು ಅವರ ಕೃತಿಗಳನ್ನು ಪಾಠಮಾಡುವ ನಮಗೆ ಎಲ್ಲಿಂದ ಬಂದಿತು?

ಮೈಸೂರಿನಲ್ಲಿ ಈ ಕಸಿಯು ಮರವಾಗಿ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅರಮನೆಯ ವಾದ್ಯವೃಂದವು ರೂಪುಗೊಂಡಿತು. ಒಂದೇ ಆಶ್ರಯದಲ್ಲಿ ಇಂಗ್ಲೀಷು ಬ್ಯಾಂಡು, ಕರ್ನಾಟಕ ಬ್ಯಾಂಡು ಎಂದು ಎರಡು ಶಾಖೆಗಳು ಬೆಳೆದುವು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಬಸವಪ್ಪಶಾಸ್ತ್ರಿಗಳು (೧೮೪೩–೧೮೯೧) ಕಟ್ಟಿದ ‘ಕಾಯೌ ಶ್ರೀಗೌರಿ’ ಎಂಬ ಸಂಸ್ಥಾನಗೀತೆಯು ಬ್ಯಾಂಡಿನ ವಾದ್ಯಗಳಲ್ಲಿ ಮೊಳಗಿತು. ‘ಅಭಿನವ ಕಾಳಿದಾಸ’ರೆಂದು ಹೆಸರಾದ ಸಂಸ್ಕೃತಪಂಡಿತರ ಮಾತು, ಗೌರಿಯ ಪ್ರಾರ್ಥನೆ, ಹಿತ್ತಾಳೆಯ ಕಹಳೆ: ಈ ಮೂರೂ ಕೂಡಿದಲ್ಲಿ ಪಂಚಮಹಾಶಬ್ದದ ಹಳೆಯ ಅರ್ಥವೇ ಹೊಸ ಶರೀರವನ್ನು ತಾಳಿತೆನ್ನಬೇಕು.

ನಾಲ್ವಡಿ ಕೃಷ್ಣರಾಜ ಒಡೆಯರು (೧೮೮೪–೧೯೪೦) ವೀಣೆ, ಪಿಟೀಲು, ಮೃದಂಗಗಳಂತೆಯೇ ನಾಗಸ್ವರ, ಕೊಳಲು, ಸ್ಯಾಕ್ಸಫೋನುಗಳನ್ನೂ ಅಭ್ಯಾಸಮಾಡಿದ್ದರು. ಊದುವ ವಾದ್ಯವನ್ನು ಅರಸನೇ ತುಟಿಗೆ ಇಟ್ಟುಕೊಂಡುದು ಸಾಮಾನ್ಯವಾದ ಸಂಗತಿಯಲ್ಲ. ಅವರ ಅರಮನೆಯಲ್ಲಿ ಯೂರೋಪಿನಿಂದ ಬಂದ ಆಟ್ಟೋ ಷ್ಮಿಟ್ ಎಂಬವರು ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸುತ್ತಿದ್ದರು; ವೀಣೆ ಶೇಷಣ್ಣ, ವಾಸುದೇವಾಚಾರ್ಯರಂಥ ವಿದ್ವಾಂಸರ ಕಚೇರಿಗಳೂ ಅಲ್ಲಿಯೇ ನಡೆಯುತ್ತಿದ್ದುವು. ಅದೇ ಆಸ್ಥಾನದ ವಿದ್ವಾಂಸರಾಗಿ ಚಾಮುಂಡೇಶ್ವರಿಯ ಅಷ್ಟೋತ್ತರಕೃತಿಗಳನ್ನು ರಚಿಸಿದ ಹರಿಕೇಶನಲ್ಲೂರು ಮುತ್ತಯ್ಯಭಾಗವತರು (೧೮೭೭–೧೯೪೫), ಬ್ಯಾಂಡಿನ ನಡೆಯನ್ನು ಅನುಸರಿಸಿ ‘ಇಂಗ್ಲಿಷ್ ನೋಟ್’ ಎಂಬ ರಚನೆಯನ್ನೂ ಮಾಡಿದರು. ಅದನ್ನು ಮಧುರೆ ಮಣಿಅಯ್ಯರು ಕಚೇರಿಗಳಲ್ಲಿ ಹಾಡಿ ಜನಪ್ರಿಯವಾಗಿಸಿದರು. ಬೀದಿಯ ಮಾರ್ಚು ಹೀಗೆ ಸಭೆಯ ಜಮಖಾನದ ಮೇಲೆ ಕುಳಿತುಕೊಂಡಿತು.

ಜಯಚಾಮರಾಜ ಒಡೆಯರು (೧೯೧೯–೧೯೭೪) ಪಾಶ್ಚಾತ್ಯಸಂಗೀತದಲ್ಲಿಯೂ ನಿಪುಣರಾಗಿ, ೧೯೪೮ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಸಂಗೀತಸಭೆಗೆ ಪ್ರಥಮಾಧ್ಯಕ್ಷರಾದರು. ಅದೇ ಪ್ರಭುಗಳು ಕರ್ನಾಟಕಸಂಗೀತದಲ್ಲಿ ೯೪ ಕೃತಿಗಳನ್ನು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ರಚಿಸಿದರು. ಸಂಸ್ಥಾನವು ಭಾರತದಲ್ಲಿ ವಿಲೀನವಾದ ಮೇಲೆ ಅರಮನೆಯ ಬ್ಯಾಂಡುಗಳು ಪೊಲೀಸ್ ಇಲಾಖೆಯ ವಶಕ್ಕೆ ಬಂದುವು. ಇಂದಿಗೂ ದಸರೆಯಲ್ಲಿ ಮೈಸೂರಿನ ಪೊಲೀಸ್ ವಾದ್ಯವೃಂದವು ಇಂಗ್ಲೀಷು, ಕರ್ನಾಟಕ ಎಂಬ ಎರಡು ಮೇಳಗಳಾಗಿಯೇ ನುಡಿಸುತ್ತದೆ.

ಈ ಮರದ ಬೀಜವು ಘಟ್ಟದ ಕೆಳಗೆ ಬಿದ್ದ ವೃತ್ತಾಂತವು ಪ್ರಸಿದ್ಧವಾಗಿದೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ನಾಗಸ್ವರವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (೧೯೪೯–೨೦೧೯) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನಿನ ದನಿಯನ್ನು ಕೇಳಿ ಮರುಳಾದರು. ತಂದೆಯ ನಾಗಸ್ವರದ ಪಾಠವನ್ನು ಈ ಹೊಸ ಕೊಳವೆಗೆ ಇಳಿಸಲು ಎಷ್ಟೋ ವರ್ಷಗಳ ಸಾಧನೆಯನ್ನು ಮಾಡಿದರು. ೧೯೯೪ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ಅವರ ಕಚೇರಿಯಾಯಿತು. ೨೦೦೪ರಲ್ಲಿ ಪದ್ಮಶ್ರೀ ಬಂದಿತು. ಆದರೆ ಇತಿಹಾಸದೃಷ್ಟಿಯಿಂದ ಇವೆರಡಕ್ಕಿಂತ ದೊಡ್ಡದಾದುದು ಬೇರೆಯಿದೆ. ತುಳುನಾಡಿನ ದೇವಾಲಯಗಳಲ್ಲಿಯೂ ಮದುವೆಯ ಚಪ್ಪರಗಳಲ್ಲಿಯೂ ಸ್ಯಾಕ್ಸಫೋನು ಮಂಗಳವಾದ್ಯವೇ ಆಗಿಹೋಯಿತು. ಸಂಸೆಯ ಉತ್ಸವದಲ್ಲಿ ಲೇಖಕನು ಕೇಳಿದ ಗಂಭೀರನಾಟದ ದಾರಿಯು ಇದೇ: ಪ್ಯಾರಿಸ್ಸಿನಿಂದ ದಂಡಿಗೆ, ದಂಡಿನಿಂದ ಮೈಸೂರಿನ ಅರಮನೆಗೆ, ಅರಮನೆಯಿಂದ ಕಡಲ ಕರೆಗೆ, ಅಲ್ಲಿಂದ ಘಟ್ಟವನ್ನೇರಿ ದೇವರ ಪಲ್ಲಕ್ಕಿಯ ಮುಂದಕ್ಕೆ. ಆ ದಾರಿಯಲ್ಲಿ ಮಾರ್ಚು ತನ್ನ ಸಮಹೆಜ್ಜೆಯನ್ನು ಬಿಟ್ಟು ಮಲ್ಲಾರಿಯ ನಿಲುಗಡೆಯನ್ನು ಕಲಿಯಿತು.

ಇಲ್ಲಿ ಎರಡು ಪೂರ್ವಪಕ್ಷಗಳನ್ನು ಪರಿಹರಿಸಬೇಕು. ಮೊದಲನೆಯದು: ಕೀಲುಗಳುಳ್ಳ ವಾದ್ಯದಲ್ಲಿ ಗಮಕಗಳು ಹೊರಡವು, ಗಮಕವಿಲ್ಲದೆ ರಾಗವಿಲ್ಲ ಎಂಬುದು. ಇದು ಯುಕ್ತಿಯುಳ್ಳ ಆಕ್ಷೇಪವೇ ಸರಿ. ಬ್ಯಾಂಡಿನಲ್ಲಿ ತೋಡಿ, ವರಾಳಿಗಳಿಗಿಂತ ಶಂಕರಾಭರಣವು ಹೆಚ್ಚು ಸಲ್ಲುವುದಕ್ಕೆ ಇದೇ ಕಾರಣ. ಆದರೆ ತುಟಿಯ ಒತ್ತಡ, ಉಸಿರಿನ ತಡೆ, ಬೆರಳಿನ ಜಾರುಗಳಿಂದ ಸ್ಯಾಕ್ಸಫೋನಿನಲ್ಲಿಯೂ ಗಮಕವು ಸಾಧ್ಯವೆಂದು ಪ್ರಯೋಗದಿಂದಲೇ ಸಿದ್ಧವಾಗಿದೆ. ಪಿಟೀಲನ್ನು ನಮ್ಮದಾಗಿಸಿಕೊಂಡ ಸಂಪ್ರದಾಯಕ್ಕೆ ಈ ವಾದವು ಶೋಭಿಸುವುದಿಲ್ಲ.

ಎರಡನೆಯ ಆಕ್ಷೇಪವನ್ನು ಯಾರೂ ಬರೆಯುವುದಿಲ್ಲ, ಆದರೆ ಹಲವರು ನಂಬುತ್ತಾರೆ. ತುಟಿಗೆ ಸೋಕಿದುದು ಎಂಜಲು. ಆದುದರಿಂದ ಊದುವ ವೃತ್ತಿಯು ಕೆಳಗಿನದು ಎಂಬುದೇ ಅದು. ಲೇಖಕನು ಓದಿದ ಪಾಠಶಾಲೆಯ ಮುಂದೆ ಉತ್ಸವಕಾಲದಲ್ಲಿ ವಾಲಗದವರು ಬಿಸಿಲಿನಲ್ಲಿ ನಿಂತು ನುಡಿಸುತ್ತಿದ್ದರು. ಒಳಗೆ ನಾವು ಸುಷಿರವಾದ್ಯಗಳ ಹೆಸರುಗಳನ್ನು ಕಂಠಪಾಠಮಾಡುತ್ತಿದ್ದೆವು. ಹೊರಗಿನವರನ್ನು ಒಳಗೆ ಕರೆದು, ನಿಮ್ಮ ಕೈಯಲ್ಲಿರುವುದಕ್ಕೆ ಏನೆಂದು ಹೆಸರು, ಅದನ್ನು ಹೇಗೆ ಮಾಡುತ್ತಾರೆ ಎಂದು ಕೇಳಬೇಕೆಂದು ಗುರುಗಳಿಗೂ ತೋರಲಿಲ್ಲ, ಶಿಷ್ಯರಿಗೂ ತೋರಲಿಲ್ಲ. ಹತ್ತು ಹೆಸರುಗಳು ಬಾಯಿಗೆ ಬಂದುವು. ಒಂದು ವಾದ್ಯವೂ ಕಣ್ಣಿಗೆ ಬೀಳಲಿಲ್ಲ. ಇದು ನಮ್ಮ ಓದಿನ ದೋಷ. ಇದನ್ನು ಲೇಖಕನು ತನ್ನದೆಂದೇ ಒಪ್ಪಿಕೊಳ್ಳುತ್ತಾನೆ. ಕೃಷ್ಣನ ಪಾಂಚಜನ್ಯವನ್ನು ಕೊಂಡಾಡುವವರು, ಶಂಖವನ್ನೂ ತುಟಿಯಿಂದಲೇ ಊದಬೇಕೆಂಬುದನ್ನು ಮರೆಯಬಾರದು.

ಮೇಲಣ ವಿಚಾರದಿಂದ ಸಿದ್ಧಿಸುವ ಅಂಶಗಳು ಮೂರು. ಬ್ಯಾಂಡು ನಮ್ಮ ನಾಡಿಗೆ ಬರಿದಾದ ನೆಲಕ್ಕೆ ಬಂದುದಲ್ಲ. ಮಹಾಶಬ್ದ, ಓಲಗ, ಮಲ್ಲಾರಿಗಳ ಹದವಾದ ನೆಲಕ್ಕೆ ಬಂದುದು. ಅದು ನಮ್ಮಿಂದ ಪಡೆದುದಕ್ಕೆ ಕಡಮೆಯಿಲ್ಲದಂತೆ ನಮಗೆ ಕೊಟ್ಟಿದೆ. ನೊಟ್ಟುಸ್ವರಗಳು, ಸಂಸ್ಥಾನಗೀತೆ, ಕ್ಲಾರಿನೆಟ್ಟು, ಸ್ಯಾಕ್ಸಫೋನುಗಳು ಇದಕ್ಕೆ ಸಾಕ್ಷಿ. ಮತ್ತು ಈ ಕೊಡುಕೊಳುವಿಕೆಯನ್ನು ನಡೆಸಿದವರು ಗ್ರಂಥಕರ್ತರಲ್ಲ, ಹೆಸರು ಉಳಿಯದ ವಾದಕರು.

ವೀಣೆಯ ಘರಾಣೆಗಳ ವಂಶವೃಕ್ಷಗಳನ್ನು ನಾವು ಅಚ್ಚುಹಾಕಿಸಿದ್ದೇವೆ. ವಾಲಗದವರ, ಬ್ಯಾಂಡಿನವರ ಮನೆಗಳಲ್ಲಿರುವ ಸ್ವರಬರೆಹದ ಹಾಳೆಗಳೂ ಹಿರಿಯರ ನೆನಪುಗಳೂ ಹಾಗೆಯೇ ಸಂಗ್ರಹಕ್ಕೆ ಯೋಗ್ಯವಾದುವು. ಹಾಳೆಯನ್ನು ಗೆದ್ದಲು ತಿನ್ನುತ್ತದೆ. ಉಸಿರಾದರೋ ಊದುವವನೊಡನೆಯೇ ಹೋಗುತ್ತದೆ. ಶಾಸನಗಳ ಪ್ರತಿಯನ್ನು ತೆಗೆಯಲು ಬೆಟ್ಟವನ್ನೇರುವ ನಮ್ಮ ಸಂಶೋಧಕರು, ಮುಂದಿನ ಉತ್ಸವದಲ್ಲಿ ಪಲ್ಲಕ್ಕಿಯ ಹಿಂದೆ ನಡೆಯುವ ಬದಲು ಸ್ವಲ್ಪ ಮುಂದೆ, ವಾಲಗದವರ ಪಕ್ಕದಲ್ಲಿ ನಡೆಯಬೇಕೆಂದು ಪ್ರಾರ್ಥನೆ. ಇತ್ಯಲಂ.